ನಡುಹಗಲ ಕ್ರಿಯಾಪದದ ದಾವೆ

1

ಎಲ್ಲಿಂದ ಶುರು ಮಾಡಲಿ? ಇದು ಒಂದು ಕ್ರಿಯಾಪದದ ಕಥೆ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬಂದು ಕೂರುವಂಥದ್ದು. ಅದನ್ನು ಮೊದಲೇ ತಂದು ನಿಲ್ಲಿಸಿದರೆ ಚಪ್ಪರ ಹಾಕುವ ಮುಂಚೆಯೇ ಬಂದ ಬೀಗರ ಹಾಗೆ ಅದಕ್ಕೂ ಮುಜುಗರ, ನನಗೂ ಮುಜುಗರ.

ಆದರೂ ಮೊದಲ ಡ್ರಾಫ್ಟಿನಲ್ಲಿ ಹಾಗೇ ಮಾಡಿದ್ದೆ: "ಮೆರಿಜ್ಜಾರೆ: ಇಟಾಲಿಯನ್ ಕ್ರಿಯಾಪದ. ಬಿಸಿಲು ನೆತ್ತಿಗೇರಿದ ಹೊತ್ತಿನಲ್ಲಿ ಬಯಲಿನ ನೆರಳಲ್ಲಿ ವಿಶ್ರಮಿಸುವುದು. ಸಾಹಿತ್ಯಿಕ ಬಳಕೆ." ಬರೆದು ಹರಿದು ಹಾಕಿದೆ. ತಪ್ಪಿತ್ತು ಅಂತಲ್ಲ. ಆ ಕೊನೆಯ ಎರಡು ಪದಗಳ ಮೇಲೆಯೇ ನಮ್ಮೂರಲ್ಲಿ ಎರಡು ವರ್ಷ ಜಗಳ ನಡೆದದ್ದು. ಜಗಳದ ಫಲವನ್ನು ಮೊದಲ ಸಾಲಿನಲ್ಲೇ ಕೊಟ್ಟುಬಿಡುವಷ್ಟು ಉದಾರಿ ನಾನಲ್ಲ.

ಎರಡನೆಯ ಡ್ರಾಫ್ಟು ಜೆಲಿಂದಳ ಕಣ್ಣೀರಿನಿಂದ ಶುರುವಾಗಿತ್ತು. (ಕಣ್ಣೀರಿನಿಂದ ಶುರು ಮಾಡಿದರೆ ಓದುಗರು ಎದ್ದು ಹೋಗುವುದಿಲ್ಲ ಎಂದು ಯಾರೋ ಹೇಳಿದ್ದರು.) ಅವಳ ಅಡುಗೆಮನೆಯಲ್ಲೇ ಕೂತು, ಕನ್ನಡದಿಂದ ಅವಳ ಮಾತಿಗೆ ತಿರುಗಿಸುತ್ತ ಓದಿದೆ. ಗಿಣ್ಣಿನ, ಅಂದರೆ ಕುರಿ ಹಾಲಿನ ಚೀಸಿನ, ಅಚ್ಚುಗಳನ್ನು ಉಜ್ಜುತ್ತಿದ್ದವಳು ಕೈ ನಿಲ್ಲಿಸಿದಳು.

"ಯಾರು ಅತ್ತಿದ್ದು?"

"ನೀವು."

"ಯಾವಾಗ?"

"ಕುರಿ ಸತ್ತ ದಿನ."

"ಅಳ್ಲಿಲ್ಲ ಕಣೇ. ಬೈದೆ. ಬೆಟ್ಟದ ಆ ಕಡೆಗೂ ಕೇಳೋ ಹಾಗೆ ಬೈದೆ. ಅದನ್ನ ಬರಿ. ಅತ್ತೋಳ ಕಥೆ ಬೇಕಾದ್ರೆ ಬೇರೆ ಯಾರನ್ನಾದ್ರೂ ಹುಡುಕ್ಕೋ."

ಹೀಗಾಗಿ ಎರಡನೆಯ ಡ್ರಾಫ್ಟೂ ಹೋಯಿತು. ಅವಳು ಬೈದದ್ದನ್ನು ನಾನು ಬರೆಯುವುದಿಲ್ಲ. ನೀವು ಮನೆಮಂದಿಯ ನಡುವೆ ಕೂತು ಓದುತ್ತಿರಬಹುದು.

2

ಜೆಲಿಂದ ಬಾರ್ತಲುಚ್ಚಿ. ವಯಸ್ಸು ಎಪ್ಪತ್ತನಾಲ್ಕು. ತೊಸ್ಕಾನ ಸೀಮೆಯ ದಕ್ಷಿಣಕ್ಕೆ, ಮರೆಮ್ಮದ ಗುಡ್ಡಗಳಲ್ಲಿರುವ ರೊಕ್ಕಲ್ತೀನ ಎಂಬ ಊರಿನ ಕುರಿಗಾಹಿ. ನೂರನಲವತ್ತು ಕುರಿ, ಎರಡು ಬಿಳಿ ನಾಯಿ, ಒಂದು ಬಗ್ಗದ ಬೆನ್ನು. ನಾನು ಮೂವತ್ತೊಂದು ವರ್ಷದಿಂದ ಅದೇ ಊರಿನವಳು. ಪುರಸಭೆಯ ಹಳೇ ಕಾಗದಗಳ ಕೋಣೆ ನನ್ನ ಕೆಲಸದ ಜಾಗ. ವಾರಕ್ಕೆ ಎರಡು ದಿನ ಅವಳ ಮನೆಯಲ್ಲಿ ಗಿಣ್ಣು ಕೊಳ್ಳುತ್ತೇನೆ, ಉಳಿದ ದಿನ ಬೈಗುಳ ಪುಕ್ಕಟೆ.

ಅವಳ ಮೇವಿನ ಗುಡ್ಡದ ತುದಿಯಲ್ಲಿ ಲೆಚ್ಚೊ ಮರಗಳ ತೋಪಿದೆ. ಲೆಚ್ಚೊ ಎಂದರೆ ವರ್ಷವಿಡೀ ಎಲೆ ಉದುರಿಸದ ಓಕ್. ಅದರ ನೆರಳು ಕಂಬಳಿ ಹೊದಿಸಿದಷ್ಟು ದಟ್ಟ. ಜೂನ್ ಬಂತೆಂದರೆ ಹನ್ನೊಂದು ಗಂಟೆಗೆ ಕುರಿಗಳು ಮೇಯುವುದನ್ನು ಬಿಡುತ್ತವೆ. ಜೆಲಿಂದಳ ಕುರಿ ಒಂದು ಕಡೆಯಿಂದ, ಪಕ್ಕದ ಗುಡ್ಡದ ಬಾಕೀಸಿಯೊನ ಕುರಿ ಇನ್ನೊಂದು ಕಡೆಯಿಂದ ಆ ತೋಪಿಗೆ ಹೋಗಿ, ಒಂದರ ಹೊಟ್ಟೆಯಡಿ ಇನ್ನೊಂದು ತಲೆಯಿಟ್ಟು, ನಾಲ್ಕು ಗಂಟೆಯವರೆಗೆ ಮೆಲುಕು ಹಾಕುತ್ತ ನಿಲ್ಲುತ್ತವೆ. ಇದು ಯಾರೂ ಬರೆದಿಡದ, ಯಾರೂ ಮರೆಯದ ಏರ್ಪಾಡು.

ಬಾಕೀಸಿಯೊ ಮೂರ್ರು ಸಾರ್ದೀನಿಯ ದ್ವೀಪದವನು. ಒಂಬತ್ತು ವರ್ಷದವನಿದ್ದಾಗ ಅಪ್ಪನ ಜೊತೆ, ಅಪ್ಪನ ಕುರಿಗಳ ಜೊತೆ ಹಡಗಿನಲ್ಲಿ ಬಂದಿಳಿದವನು. ಈಗ ಎಪ್ಪತ್ತೊಂದು. ಜೆಲಿಂದಳಿಗೆ ಅವನು ಇಂದಿಗೂ 'ಹೊಸಬ'. ಅವನೂ ಸುಮ್ಮನಿರುವವನಲ್ಲ. ತನ್ನ ಸೀಮೆಯ ಪ್ರಕಾರ ಹಿರಿಯ ಹೆಂಗಸರನ್ನು ಕರೆಯುವಂತೆ ಅವಳನ್ನು 'ತ್ಸೀಯಾ', ಅಂದರೆ ಅತ್ತೆ, ಎನ್ನುತ್ತಾನೆ. ಬರೀ ಮೂರು ವರ್ಷ ದೊಡ್ಡವಳಾದ ತನ್ನನ್ನು ಅತ್ತೆ ಎಂದರೆ ಅವಳಿಗೆ ಮೈಯೆಲ್ಲ ಉರಿ. ಅದು ಗೊತ್ತಿದ್ದೇ ಕರೆಯುತ್ತಾನೆ.

ಎರಡು ವರ್ಷದ ಹಿಂದಿನ ಮಾರ್ಚಿನಲ್ಲಿ ಒಂದು ರೆಸಾರ್ಟ್ ಕಂಪನಿ ಆ ತೋಪನ್ನು ಕೊಂಡು ಸುತ್ತ ತಂತಿಬೇಲಿ ಹಾಕಿತು. ಒಳಗೆ ಯೋಗ ಮಾಡುವ ಹಲಗೆಗಳು ಬರುತ್ತವೆಂದು ಬೋರ್ಡು ನೆಟ್ಟರು. ಆ ಜುಲೈನ ಒಂದು ದಿನ ಬಿಸಿಲು ತಡೆಯಲಾರದೆ, ಬೇಲಿಗೆ ಮೂತಿ ಒತ್ತಿ ನಿಂತಲ್ಲೇ, ಜೆಲಿಂದಳ ನಾಲ್ಕು ಗಬ್ಬದ ಕುರಿಗಳು ಸತ್ತವು. ಮುಂದಾಳು ಕುರಿ 'ಕೊಂತೆಸ್ಸ' ಅವುಗಳಲ್ಲೊಂದು. ನೆರಳು ಬೇಲಿಯಾಚೆ ಎರಡು ಮಾರು ದೂರದಲ್ಲಿತ್ತು.

(ಇಲ್ಲಿ ಅವಳು ಬೈದಳು. ಬೆಟ್ಟದ ಆ ಕಡೆಗೂ ಕೇಳಿತು. ಬಾಕೀಸಿಯೊ ಅದನ್ನು ಕೇಳಿಯೇ ಓಡಿ ಬಂದದ್ದು. ಇಬ್ಬರೂ ಸೇರಿ ಗುಂಡಿ ತೋಡಿದರು. ಅವತ್ತು ಮಾತ್ರ ಅವನು ತ್ಸೀಯಾ ಎನ್ನಲಿಲ್ಲ.)

2, ಮತ್ತೆ

ಮೂರು ಎಂದು ಹಾಕುವ ಮೊದಲು ಪದದ ಹುಟ್ಟು ಹೇಳಿ ಮುಗಿಸುತ್ತೇನೆ. ಇದನ್ನು ಕಥೆಯೊಳಗೆ ನಾಜೂಕಾಗಿ ಸೇರಿಸುವ ಶಕ್ತಿ ನನಗಿಲ್ಲವೆಂದು ಐದು ಡ್ರಾಫ್ಟುಗಳು ಸಾಬೀತು ಮಾಡಿವೆ.

ರೋಮನ್ನರು ನಡುವಿಗೆ 'ಮೆದಿಯುಸ್', ಹಗಲಿಗೆ 'ದಿಯೇಸ್' ಎಂದರು. ಎರಡನ್ನೂ ಹೊಲಿದರೆ ನಡುಹಗಲು. ನಮ್ಮ ನಡುಹಗಲಿನದೂ ಮಧ್ಯಾಹ್ನದ್ದೂ ಅದೇ ಹೊಲಿಗೆ. ಆದರೆ ಅಲ್ಲಿ ಎರಡು ದಕಾರ ಅಕ್ಕಪಕ್ಕ ಬಂದು ನಾಲಿಗೆ ತೊಡರಿತು. ಜನ ಮೊದಲಿನದನ್ನು ರಕಾರ ಮಾಡಿಕೊಂಡರು: ಮೆರಿದಿಯೇಸ್. ಅದರಿಂದ ಹುಟ್ಟಿದ್ದು ಮೆರಿದಿಯಾರೆ. ಶತಮಾನಗಟ್ಟಲೆ ಬಾಯಲ್ಲಿ ಉರುಳಿ, ಹೊಳೆಯ ಕಲ್ಲಿನಂತೆ ಸವೆದು, ಅದು ಮೆರಿಜ್ಜಾರೆ ಆಯಿತು. ಅರ್ಥ ಎರಡು ಬಗೆ: ತಾನು ನೆರಳಲ್ಲಿ ನಡುಹಗಲು ಕಳೆಯುವುದು; ಮಂದೆಯನ್ನು ನೆರಳಿಗೆ ಕೂಡಿ ಕಳೆಯಿಸುವುದು.

ಅಲ್ಲಿಂದ ಅದು ಎರಡು ದಾರಿ ಹಿಡಿಯಿತು. ಒಂದು ಪುಸ್ತಕದ ದಾರಿ. ಕವಿಗಳು ಅದನ್ನು ಎತ್ತಿಕೊಂಡರು, ಮೇಷ್ಟ್ರುಗಳು ಮಕ್ಕಳಿಗೆ ಬಾಯಿಪಾಠ ಮಾಡಿಸಿದರು. ಇನ್ನೊಂದು ಕುರಿ ತುಳಿದ ದಾರಿ. ನಮ್ಮ ಗುಡ್ಡದವರ ಬಾಯಲ್ಲಿ ಅದು ಇನ್ನೂ ಸವೆದು 'ಮೆರಿಯಾ' ಆಗಿದೆ. ಸಮುದ್ರದಾಚೆಯ ಸಾರ್ದೀನಿಯದಲ್ಲಿ 'ಮೆರಿಯಾರೆ'. ನಿಘಂಟಿನವರು ಮೊದಲ ದಾರಿಯಲ್ಲಿ ಕುರ್ಚಿ ಹಾಕಿಕೊಂಡು ಕೂತು, ಹೋಗಿ ಬರುವವರನ್ನು ನೋಡಿ, 'ಸಾಹಿತ್ಯಿಕ' ಎಂದು ಬರೆದುಕೊಂಡರು. ಎರಡನೆಯ ದಾರಿಯಲ್ಲಿ ಧೂಳು ಬಹಳ.

3

ಕುರಿ ಸತ್ತ ಎರಡು ವಾರಕ್ಕೆ ಜೆಲಿಂದ ನನ್ನ ಕೋಣೆಗೆ ಬಂದಳು. ಕೈಯಲ್ಲಿ ಒಂದು ದೊಡ್ಡ ಗಿಣ್ಣಿನ ಉಂಡೆ. ಲಂಚ ಎಂದು ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

"ನಮ್ಮಜ್ಜಿ ಹೇಳ್ತಿದ್ಲು, ಆ ತೋಪಿನ ನೆರಳು ಊರಿಂದು ಅಂತ. ಎಲ್ಲೋ ಕಾಗದ ಇದೆ. ಹುಡುಕು."

"ಯಾವ ಕಾಲದ್ದು?"

"ಅಜ್ಜಿಯ ಅಜ್ಜಿಗಿಂತ ಹಿಂದಿನದು. ಮೂವತ್ತು ವರ್ಷದಿಂದ ಆ ಧೂಳಲ್ಲಿ ಕೂತು ಏನು ಮಾಡ್ತಿದ್ದೀಯ ನೀನು?"

ಇಲ್ಲಿ ಕಾದಂಬರಿಕಾರರಾದರೆ ಒಂದು ಮಿಂಚು ಹೊಳೆಯಿಸಿ ಕಾಗದವನ್ನು ನನ್ನ ಕೈಗೆ ಬೀಳಿಸುತ್ತಿದ್ದರು. ನನಗೆ ಏಳು ತಿಂಗಳು ಹಿಡಿಯಿತು. ನೀರಿನ ತೆರಿಗೆಯ ಕಟ್ಟಿನಲ್ಲಿ ತಪ್ಪಾಗಿ ಸೇರಿಹೋಗಿದ್ದ, 1791ರ, ಗ್ರ್ಯಾಂಡ್ ಡ್ಯೂಕನ ಕಾಲದ ಒಂದು ಪತ್ರ. ಗುಡ್ಡವನ್ನು ಖಾಸಗಿಯವರಿಗೆ ಮಾರುವಾಗ ನೋಟರಿ ಊರಿನವರಿಗೆ ಮೂರು ಹಕ್ಕು ಉಳಿಸಿದ್ದ: ಆ ಜಾಗದಲ್ಲಿ ದನಕುರಿಗಳನ್ನು ಮೇಯಿಸುವುದು, ನೀರು ಕುಡಿಸುವುದು, ಮತ್ತು ಮೆರಿಜ್ಜಾರೆ.

ಪದ ಕಂಡಾಗ ನಾನು ಕೋಣೆಯಲ್ಲಿ ಒಬ್ಬಳೇ ಇದ್ದೆ. ಜೋರಾಗಿ ಓದಿದೆ. ಮಸಿ ಇನ್ನೂ ಕಂದಿರಲಿಲ್ಲ. ಯಾವನೋ ನೋಟರಿ ಇನ್ನೂರ ಮೂವತ್ತು ವರ್ಷದ ಹಿಂದೆ ಕುರಿಗಳ ನೆರಳನ್ನು ಮರೆಯದೆ ಬರೆದಿದ್ದನಲ್ಲ ಎಂದು, ನನಗೆ ಏನೇನೂ ಸಂಬಂಧವಿಲ್ಲದ ಆ ಮನುಷ್ಯನ ಬಗ್ಗೆ ನನಗೆ ಹೆಮ್ಮೆಯಾಯಿತು.

4

ಕಂಪನಿಯ ವಕೀಲರ ಹೆಸರು ಲಾಪೊ ಗ್ವರ್ನಿಯೇರಿ. ಫ್ಲೊರೆನ್ಸಿನವರು, ಐವತ್ತರ ಆಸುಪಾಸು, ಅಗಸೆ ನಾರಿನ ಲಿನನ್ ಕೋಟು.

(ಲಾಪೊ, ನಿಮ್ಮನ್ನು ಖಳನಾಯಕ ಮಾಡಬೇಕೆಂದು ನನಗೆ ಬಹಳ ಆಸೆಯಿತ್ತು. ನಾಲ್ಕನೆಯ ಡ್ರಾಫ್ಟಿನಲ್ಲಿ ನಿಮಗೆ ಚಿನ್ನದ ಹಲ್ಲು ಕೂಡ ಇಟ್ಟಿದ್ದೆ. ಆದರೆ ನೀವು ಆ ಪದವನ್ನು ಉಚ್ಚರಿಸಿದ ರೀತಿ ನೋಡಿ ಹಲ್ಲು ಕಿತ್ತುಬಿಟ್ಟೆ.)

ಆ ಪತ್ರ ಇಟ್ಟುಕೊಂಡು ನಾವು ಊರಿನವರು ದಾವೆ ಹೂಡಿದೆವು. ಇಂಥ ವ್ಯಾಜ್ಯ ತೀರ್ಮಾನಿಸುವ ಸಾಮೂಹಿಕ ಹಕ್ಕುಗಳ ಕಮಿಷನರ್ ಕಳೆದ ವರ್ಷದ ಜೂನ್ ತಿಂಗಳಲ್ಲಿ ವಿಚಾರಣೆಗೆ ನಮ್ಮ ಪುರಸಭೆಯ ಹಾಲಿಗೇ ಬಂದರು. ಗಂಟು ಕಟ್ಟಿದ ಬಿಳಿ ಕೂದಲಿನ, ಕಡಿಮೆ ಮಾತಿನ ಹೆಂಗಸು. ಅರ್ಧ ಊರು ಬಂದು ಗೋಡೆಗೆ ಆತು ನಿಂತಿತ್ತು.

ಲಾಪೊ ಎದ್ದು ನಿಂತು ಹೇಳಿದ್ದು ಇಷ್ಟು: ತೋಪಿನಡಿ ಹುಲ್ಲೇ ಇಲ್ಲ, ಆದ್ದರಿಂದ ಮೇಯಿಸುವ ಹಕ್ಕು ತಾನಾಗಿ ಬಿದ್ದುಹೋಯಿತು. ಬುಗ್ಗೆ ಬತ್ತಿ ಅರವತ್ತು ವರ್ಷವಾಯಿತು, ನೀರಿನ ಹಕ್ಕೂ ಹೋಯಿತು. ಉಳಿದದ್ದು ಮೂರನೆಯ ಪದ.

"ಮೆರಿಜ್ಜಾರೆ," ಎಂದರು ಅವರು, ನಿಧಾನವಾಗಿ, ಬಾಯಲ್ಲಿ ಇಟ್ಟ ದ್ರಾಕ್ಷಿಯನ್ನು ಕಚ್ಚಲು ಮನಸ್ಸಿಲ್ಲದವರ ಹಾಗೆ. "ಮೇಡಂ, ನಾನು ಹತ್ತನೇ ವಯಸ್ಸಿಗೆ ಈ ಪದಕ್ಕೆ ಮನಸೋತವನು. ನಮ್ಮ ಭಾಷೆಯ ಒಡವೆ ಇದು. ಆದರೆ ಒಡವೆ ಹಕ್ಕಾಗೋದಿಲ್ಲ. ಎಲ್ಲ ನಿಘಂಟೂ ಇದನ್ನ ಸಾಹಿತ್ಯಿಕ ಅನ್ನುತ್ತೆ. ನೋಟರಿ ವಾಕ್ಯಕ್ಕೆ ಲಯ ಬರಲಿ ಅಂತ ಸೇರಿಸಿದಾನೆ ಅಷ್ಟೆ. ಕವಿಗಳನ್ನ ಬಿಟ್ಟು ಇದನ್ನ ಯಾರೂ ಬಳಸೋದಿಲ್ಲ."

ಸಭೆಯಲ್ಲಿ ಗುಸುಗುಸು. ನಾನು ಎದ್ದು, ಮೇಲೆ ನಿಮಗೆ ಹೇಳಿದ ಪದದ ಹುಟ್ಟನ್ನೆಲ್ಲ ಹೇಳಿದೆ. ಕಮಿಷನರ್ ಬರೆದುಕೊಂಡರು. ಲಾಪೊ ವಿನಯದಿಂದ ನಕ್ಕು, "ಹುಟ್ಟು ಸರಿ. ಬದುಕಿರೋದಕ್ಕೆ ದಾಖಲೆ?" ಎಂದರು. ಈ ನೂರು ವರ್ಷದಲ್ಲಿ ಯಾವ ಕುರಿಗಾಹಿಯೂ ಕಾಗದದ ಮೇಲೆ ಈ ಪದ ಬರೆದಿರಲಿಲ್ಲ. ಕುರಿಗಾಹಿಗಳ ಕೈಯಲ್ಲಿ ಇದ್ದದ್ದು ಕೋಲು.

ಆಗ ಜೆಲಿಂದ ಎದ್ದಳು. ಭಾನುವಾರದ ಕಪ್ಪು ಲಂಗ, ಕುರಿ ಕಾಯುವ ಬೂಟು.

ಲಾಪೊ ಮರ್ಯಾದೆಯಿಂದಲೇ ಕೇಳಿದರು. "ಸಿನ್ಯೋರ, ನೀವು ಈ ಕ್ರಿಯಾಪದ ಕೊನೆಯ ಸಲ ಯಾವಾಗ ಬಳಸಿದ್ರಿ?"

"ನಿನ್ನೆ ಹನ್ನೊಂದು ಗಂಟೆಗೆ."

"ಯಾರ ಜೊತೆ ಮಾತಾಡುವಾಗ?"

"ಕುರಿಗಳ ಜೊತೆ."

ಇಡೀ ಸಭೆ ಗೊಳ್ಳೆಂದಿತು. ಲಾಪೊ ಕೂಡ ನಕ್ಕರು. "ಅವಕ್ಕೆ ಅರ್ಥ ಆಯ್ತಾ?"

"ನಿಮಗಿಂತ ಬೇಗ ಆಯ್ತು, ವಕೀಲ್ರೇ."

ಕಮಿಷನರ್ ಪೆನ್ನು ಕೆಳಗಿಟ್ಟರು. ಗೋಡೆಯ ಗಡಿಯಾರ ನೋಡಿದರು. ಹತ್ತೂ ಮುಕ್ಕಾಲು. "ಕುರಿಗಳು ಎಲ್ಲಿವೆ?" ಎಂದು ಕೇಳಿದರು.

ಇದಕ್ಕೆ ನಂಬರು ಹಾಕಲು ಮರೆತೆ

ನಾವೆಲ್ಲ ಗುಡ್ಡಕ್ಕೆ ನಡೆದೆವು. ಕಮಿಷನರ್, ಅವರ ಗುಮಾಸ್ತ, ಲಾಪೊ, ಅರ್ಧ ಊರು. ಕುರಿಗಳು ಇಳಿಜಾರಿನ ತುಂಬ ಚದುರಿ ಒಣಹುಲ್ಲು ಕೀಳುತ್ತಿದ್ದವು. ಒಂದೂ ನಮ್ಮ ಕಡೆ ನೋಡಲಿಲ್ಲ.

"ಎಲ್ರೂ ಹಿಂದೆ ನಿಲ್ಲಿ. ಯಾರೂ ಕೈ ಆಡಿಸಬೇಡಿ. ಆಮೇಲೆ ಸನ್ನೆ ಮಾಡಿದ್ರು ಅನ್ನೋದು ಬೇಡ," ಎಂದಳು ಜೆಲಿಂದ. ನಾಯಿಗಳನ್ನು ನನ್ನ ಕೈಗೆ ಕೊಟ್ಟಳು. ಕೋಲು ನೆಲಕ್ಕೆ ಹಾಕಿದಳು. ಬರಿಗೈಯಲ್ಲಿ ನಿಂತು, ಮೊದಲು ಬೇರೆ ಮಾತು ಕೂಗಿದಳು. "ಏ, ವಕೀಲ್ರು ಬಂದಿದಾರೆ!" ಕುರಿಗಳು ಹುಲ್ಲು ಕೀಳುತ್ತಲೇ ಇದ್ದವು.

ಆಮೇಲೆ ಎದೆ ತುಂಬ ಉಸಿರು ತೆಗೆದುಕೊಂಡಳು.

"ಮೆರೀ...ಯಾ! ಮೆರೀ...ಯಾ!"

ಮೊದಲು ಕಿವಿಗಳು ಎದ್ದವು. ಆಮೇಲೆ ತಲೆಗಳು. ಕೊಂತೆಸ್ಸಳ ಜಾಗಕ್ಕೆ ಬಂದಿದ್ದ ಅವಳ ಮಗಳು ಕುರಿ ಗಂಟೆ ಅಲ್ಲಾಡಿಸಿ ತಿರುಗಿತು. ನೂರಮೂವತ್ತಾರು ಕುರಿಗಳು ಒಂದಾಗಿ, ಹೊಳೆ ತಿರುಗಿದ ಹಾಗೆ ತಿರುಗಿ, ಗುಡ್ಡದ ತುದಿಯ ತೋಪಿನ ಕಡೆ ನಡೆದವು. ಬೇಲಿ ಎದುರಾಯಿತು. ಅಲ್ಲೇ ತಂತಿಗೆ ಮೂತಿಯಿಟ್ಟು, ಆಚೆಯ ನೆರಳು ನೋಡುತ್ತ ನಿಂತವು.

ಆಗ ಬಾಕೀಸಿಯೊ ಶುರು ಮಾಡಿದ. ಪಕ್ಕದ ಗುಡ್ಡದ ಮೇಲೆ ತನ್ನ ಮಂದೆಯ ನಡುವೆ ಎದೆಯುಬ್ಬಿಸಿ ನಿಂತು ತನ್ನ ದ್ವೀಪದ ಮಾತಿನಲ್ಲಿ ಅದೇ ಪದವನ್ನು ಎಳೆದು ಕೂಗಿದ. ಅವನ ಕುರಿಗಳೂ ತಿರುಗಿ, ಬೇಲಿಯ ಇನ್ನೊಂದು ಬದಿಗೆ ಬಂದು ನಿಂತವು.

"ಅವನ್ಯಾಕೆ ನಡುವೆ ಬಾಯಿ ಹಾಕ್ತಾನೆ? ಸಾಕ್ಷಿ ನಾನು," ಎಂದು ಜೆಲಿಂದ ಗೊಣಗಿದಳು. ಆದರೆ ಅವಳ ಗದ್ದ ಮೇಲೆದ್ದಿತ್ತು. ಅವಳ ಗುಡ್ಡ, ಅವಳ ಪದ, ಅವಳ ಕುರಿ. ಒಬ್ಬ ರಾಣಿಗೂ ಅದಕ್ಕಿಂತ ನೆಟ್ಟಗೆ ನಿಲ್ಲಲು ಬರುತ್ತಿರಲಿಲ್ಲ.

"ಕುರಿಗಳ ಸಾಕ್ಷ್ಯ ಕಾನೂನಿನಲ್ಲಿ..." ಎಂದು ಲಾಪೊ ಶುರು ಮಾಡಿ ನಿಲ್ಲಿಸಿದರು. ಅವರ ಮುಖ ವಿಚಿತ್ರವಾಗಿತ್ತು. ನಲವತ್ತು ವರ್ಷದಿಂದ ಪುಸ್ತಕದಲ್ಲಿ ಒಣಗಿಸಿ ಇಟ್ಟಿದ್ದ ಹೂವು ಯಾರದೋ ಹೊಲದಲ್ಲಿ ಬೆಳೆದು ನಿಂತದ್ದನ್ನು ಕಂಡವರ ಮುಖ. ಅದು ಸಂತೋಷವೋ ಕೋಪವೋ ನನಗೆ ತಿಳಿಯಲಿಲ್ಲ. ಮುಂದೆ ಒಮ್ಮೆ ಫೋನಿನಲ್ಲಿ ಕೇಳಿದೆ. "ಎರಡೂ," ಎಂದರು. "ಅದು ಯಾರಿಗೂ ಉಪಯೋಗಕ್ಕೆ ಬರಲ್ಲ ಅನ್ನೋದೇ ಅದರ ಚೆಂದ ಅಂದ್ಕೊಂಡಿದ್ದೆ."

ಕಮಿಷನರ್ ಗುಮಾಸ್ತನ ಕಡೆ ತಿರುಗಿದರು. "ಬರೀರಿ. ಹನ್ನೊಂದು ಗಂಟೆ ಎಂಟು ನಿಮಿಷ. ಕ್ರಿಯಾಪದ ಬಳಕೆಯಲ್ಲಿದೆ."

6

(ಐದನ್ನು ತೆಗೆದುಹಾಕಿದ್ದೇನೆ. ಅದರಲ್ಲಿ ನಾನು ನನ್ನನ್ನೇ ಹೊಗಳಿಕೊಂಡಿದ್ದೆ. ಕಾಗದ ಹುಡುಕಿದವಳು ನಾನೇ ಎಂದು ಮೂರು ಪುಟ. ಜೆಲಿಂದ ಕೇಳಿ, "ಕುರಿ ಕರೆದಿದ್ದು ಯಾರು?" ಎಂದಳು. ನಾನು ಪುಟಗಳನ್ನು ಒಲೆಗೆ ಕೊಟ್ಟೆ.)

ತೀರ್ಪು ಈ ಮೇ ತಿಂಗಳಲ್ಲಿ ಬಂತು. ಮೇಯಿಸುವ ಹಕ್ಕು ಇಲ್ಲ. ನೀರಿನ ಹಕ್ಕು ಇಲ್ಲ. ಮೂರನೆಯದು ಇದೆ. ಮೇ ಕೊನೆಯಿಂದ ಸೆಪ್ಟೆಂಬರಿನವರೆಗೆ, ಹನ್ನೊಂದರಿಂದ ನಾಲ್ಕರವರೆಗೆ, ರೊಕ್ಕಲ್ತೀನದ ಮಂದೆಗಳಿಗೆ ಆ ತೋಪಿನಲ್ಲಿ ಮೆರಿಜ್ಜಾರೆ ಮಾಡುವ ಹಕ್ಕಿದೆ. ಬೇಲಿಗೆ ಗೇಟು ಇಡತಕ್ಕದ್ದು.

ಪುರಸಭೆಯ ಹಾಲಿನಲ್ಲಿ ಆ ಸಾಲನ್ನು ಓದಿದಾಗ ಜೆಲಿಂದ ಇನ್ನೊಮ್ಮೆ ಓದಲು ಹೇಳಿದಳು. ಓದಿದೆ. ಮತ್ತೊಮ್ಮೆ ಎಂದಳು. ಮೂರನೆಯ ಸಲ ಅವಳ ತುಟಿಗಳೂ ಜೊತೆಗೆ ಆಡಿದವು. ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಮಾತಾಡಿದಾಗಲೆಲ್ಲ 'ಅದು ತಪ್ಪು, ಸರಿಯಾಗಿ ಹೇಳು' ಎಂದು ಮೇಷ್ಟ್ರ ಕೈಯಲ್ಲಿ ಪೆಟ್ಟು ತಿಂದವಳು.

"ಹಾಗಾದ್ರೆ ನಾನು ಹುಟ್ಟಿದಾಗಿಂದ ಸರಿಯಾಗೇ ಮಾತಾಡ್ತಿದ್ದೆ," ಎಂದಳು. ನನಗಲ್ಲ, ಇಡೀ ಸಭೆಗೆ.

ಈಗ ಕೊನೆ. ನನ್ನ ಹತ್ತಿರ ಮೂರು ಇವೆ.

ಒಂದು: ನಿಘಂಟಿನವರು ಆ ಪದದ ಮುಂದಿನ 'ಸಾಹಿತ್ಯಿಕ' ಎಂಬ ಗುರುತನ್ನು ಅಳಿಸುತ್ತಾರೆ, ಜೆಲಿಂದಳ ಹೆಸರು ಹಾಕುತ್ತಾರೆ. (ನಾನು ಒಂದು ನಿಘಂಟಿನ ಕಚೇರಿಗೆ ಬರೆದದ್ದು ನಿಜ. ತಮ್ಮ ಪತ್ರ ತಲುಪಿದೆ, ಪರಿಶೀಲಿಸಲಾಗುವುದು ಎಂದು ಉತ್ತರ ಬಂದದ್ದೂ ನಿಜ. ಅಷ್ಟೇ.)

ಎರಡು: ಕಂಪನಿ ಸೋಲೊಪ್ಪಿ ಹೊರಟುಹೋಗುತ್ತದೆ. (ಇಲ್ಲ. ಮೇಲ್ಮನವಿ ಹಾಕಿದೆ. ಅದು ಇನ್ನೂ ನಡೆಯುತ್ತಿದೆ.)

ಮೂರು: ಜೆಲಿಂದಳೂ ಬಾಕೀಸಿಯೊನೂ ಮದುವೆಯಾಗುತ್ತಾರೆ. ಇದನ್ನು ಓದಿದಾಗ ಜೆಲಿಂದ ಒದ್ದೆ ಬಟ್ಟೆಯಲ್ಲಿ ನನಗೆ ಹೊಡೆದಳು. ಬಾಕೀಸಿಯೊ ಮಾತ್ರ ಬಹಳ ಹೊತ್ತು ನಗದೆ ಯೋಚಿಸಿ, "ಕುರಿ ಯಾರ ಕೊಟ್ಟಿಗೇಲಿ ಇರ್ತವೆ?" ಎಂದು ಕೇಳಿದ.

ಮೂರೂ ಬೇಡವಾದರೆ, ಮೊನ್ನೆ ಸೋಮವಾರ ನಡೆದದ್ದು ಹೇಳುತ್ತೇನೆ.

7 ಇರಬಹುದು

ಗೇಟಿನ ಕೀಲಿಕೈ ತಂದುಕೊಟ್ಟವರು ಲಾಪೊ. ಆಳಿನ ಕೈಯಲ್ಲಿ ಕಳಿಸಬಹುದಿತ್ತು, ಕಳಿಸಲಿಲ್ಲ. ಹನ್ನೊಂದಕ್ಕೆ ಐದು ನಿಮಿಷ. ಎರಡೂ ಮಂದೆ ಗೇಟಿನ ಮುಂದೆ ಬಂದು ನಿಂತಿವೆ. ಬಿಸಿಲು ನೆಲದಿಂದಲೂ ಏಳುತ್ತಿದೆ. ಬೀಗ ತೆಗೆದಾಯಿತು. ಆಗ ಶುರುವಾಯಿತು ನೋಡಿ.

"ಮೊದಲು ನನ್ನ ಕುರಿ," ಎಂದಳು ಜೆಲಿಂದ. "ಸತ್ತಿದ್ದು ನಂದು."

"ತೀರ್ಪಲ್ಲಿ ಮಂದೆಗಳು ಅಂತಿದೆ, ಮಂದೆ ಅಂತಿಲ್ಲ, ತ್ಸೀಯಾ. ಓದ್ಸಿ ನೋಡು."

"ಕಮಿಷನರಮ್ಮ ಬರ್ಸಿದ್ದು ನನ್ನ ಪದ."

"ನಿನ್ನ ಪದದ ಬಾಲ ಕಟ್ಟಾಗಿದೆ. ಮೆರಿಯಾ ಅಂತೆ! ಪೂರ್ತಿ ಹೇಳೋದು ನಾವು. ನಮ್ಮ ದ್ವೀಪದಲ್ಲಿ ರೋಮನ್ನರು ಬಂದಾಗಿಂದ ಹಾಗೇ ಹೇಳ್ತಿದೀವಿ."

"ರೋಮನ್ನರಿಗೆ ಕಲಿಸಿದ್ದೇ ನಾವು!"

(ಇದು ಚಾರಿತ್ರಿಕವಾಗಿ ಸರಿಯಲ್ಲ. ಅವಳಿಗೆ ಹೇಳುವ ಧೈರ್ಯ ನನಗಿಲ್ಲ. ನಿಮಗಿದ್ದರೆ ರೊಕ್ಕಲ್ತೀನಕ್ಕೆ ಬನ್ನಿ.)

ಇಬ್ಬರೂ ಕೈ ಬೀಸುತ್ತ, ಧ್ವನಿ ಏರಿಸುತ್ತ, ತಂತಮ್ಮ ಪದವನ್ನು ಸರಿಯಾಗಿ ಹೇಗೆ ಹೇಳಬೇಕೆಂದು ಒಬ್ಬರಿಗೊಬ್ಬರು ಕೂಗಿ ತೋರಿಸಿದರು. ಅದೇ ತಪ್ಪಾದದ್ದು. ಪದ ಕಿವಿಗೆ ಬಿದ್ದದ್ದೇ ತಡ ಮುನ್ನೂರು ಕುರಿಗಳು ನಮ್ಮೆಲ್ಲರನ್ನೂ ತಳ್ಳಿಕೊಂಡು, ಗೇಟಿನ ಮೂಲಕ ಒಟ್ಟಿಗೆ ನುಗ್ಗಿದವು. ಯಾವುದು ಯಾರದೆಂದು ತಿಳಿಯದಂತೆ ಕಲೆತು, ಮರಗಳಡಿ ಸೇರಿ, ಒಂದರ ಹೊಟ್ಟೆಯಡಿ ಇನ್ನೊಂದು ತಲೆ ತೂರಿಸಿ ನಿಂತವು. ಧೂಳು ಇಳಿಯಿತು. ಗಂಟೆಗಳು ಒಂದೊಂದಾಗಿ ಸುಮ್ಮನಾದವು.

ಜೆಲಿಂದ ಆ ಕಡೆಯೇ ನೋಡುತ್ತ ನಿಂತಳು. ಬಾಕೀಸಿಯೊ ಟೋಪಿ ತೆಗೆದ. ನಾಲ್ಕರವರೆಗೆ ಬೇರೆ ಮಾಡಲು ಸಾಧ್ಯವೇ ಇಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಒಳಗೆ ಹೋಗಿ, ಒಂದೇ ಮರದ ಬುಡದಲ್ಲಿ, ಬೆನ್ನಿಗೆ ಬೆನ್ನು ಕೊಟ್ಟಂತೆ ಕೂತರು. ಅವಳು ಗಂಟು ಬಿಚ್ಚಿ ರೊಟ್ಟಿ ತೆಗೆದಳು. ಅವನು ಚಾಕು ತೆಗೆದ. ನಾನೂ ಹೋಗಿ ಕೂತೆ.

ಲಾಪೊ ಗೇಟಿನಾಚೆ, ಬಿಸಿಲಿನಲ್ಲೇ ನಿಂತಿದ್ದರು. ಕೋಟಿನ ಬೆನ್ನು ನೆನೆದು ಅಂಟಿಕೊಂಡಿತ್ತು.

"ವಕೀಲ್ರೇ," ಜೆಲಿಂದ ಕೂಗಿದಳು, "ಅಲ್ಯಾಕೆ ಬೇಯ್ತಾ ನಿಂತಿದೀರ? ಒಳಗೆ ಬನ್ನಿ."

"ಸಿನ್ಯೋರ, ನಾವು ಮೇಲ್ಮನವಿ ಹಾಕಿದೀವಿ. ನಾನು ಎದುರು ಪಕ್ಷದ ವಕೀಲ."

"ಹಾಕಿ. ಯಾರು ಬೇಡ ಅಂದ್ರು? ನೆರಳಲ್ಲಿ ಕೂತು ಹಾಕಿ."

ಅವರು ಒಳಗೆ ಬಂದರೋ ಇಲ್ಲವೋ ಎಂದು ನೀವು ಕೇಳುತ್ತೀರಿ. ಬಂದರು ಎಂದು ಬರೆದರೆ ಅವರ ಕಂಪನಿ ಅವರನ್ನು ಬಿಡುವುದಿಲ್ಲ. ಬರಲಿಲ್ಲ ಎಂದು ಬರೆದರೆ ಜೆಲಿಂದ ನನ್ನನ್ನು ಬಿಡುವುದಿಲ್ಲ, ಅವಳು ನೆರಳಿಗೆ ಕರೆದಾಗ ಒಲ್ಲೆ ಎಂದವರು ಇದುವರೆಗೆ ಯಾರೂ ಇಲ್ಲ. ನಾನು ಕಂಡ ಇಷ್ಟನ್ನು ಮಾತ್ರ ಬರೆಯುತ್ತೇನೆ; ಕೊನೆಯ ಕ್ರಿಯಾಪದ ನಿಮಗೆ ಬಿಟ್ಟದ್ದು. ಲಾಪೊ ಕೋಟು ಬಿಚ್ಚಿ ತೋಳಿನ ಮೇಲೆ ಹಾಕಿಕೊಂಡರು. ಹಿಂದೆ ತಿರುಗಿ ರಸ್ತೆಯ ಕಡೆ ನೋಡಿದರು. ಕುರಿಗಳನ್ನು ಬೆದರಿಸಬಾರದೆಂದೋ ಏನೋ, ಗೇಟನ್ನು ಸದ್ದಾಗದಂತೆ ಎರಡೂ ಕೈಯಲ್ಲಿ ಹಿಡಿದು